ಮನೆಗಂದಾಯದ ರಸೀದಿಯೊಳಗಿನ ಗ್ರಂಥಾಲಯ

ಆಸ್ತಿ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ ಎಂಬುದು ಕರ್ನಾಟಕದ ನಗರಗಳಲ್ಲಿ ಸ್ವಂತ ಮನೆ ಇರುವ ಎಲ್ಲರಿಗೂ ಗೊತ್ತು. ಅದೇ ತೆರಿಗೆಯ ಜೊತೆಗೆ ತಾವು ಪ್ರತಿ ವರ್ಷ ಗ್ರಂಥಾಲಯಕ್ಕೂ ಹಣ ಕಟ್ಟುತ್ತಿದ್ದೇವೆ ಎಂಬುದನ್ನು ಬಲ್ಲವರು ಕಡಿಮೆ. ಲೆಕ್ಕ ಸರಳವಾಗಿದೆ. ಒಂದು ಮನೆಯ ಮೂಲ ತೆರಿಗೆ 5,000 ರೂಪಾಯಿ ಎಂದಿಟ್ಟುಕೊಂಡರೆ ಅದರ ಮೇಲೆ ಶೇ 15ರಂತೆ ಆರೋಗ್ಯ ಉಪಕರ 750 ರೂಪಾಯಿ, ಶೇ 6ರಂತೆ ಗ್ರಂಥಾಲಯ ಉಪಕರ 300 ರೂಪಾಯಿ, ಶೇ 3ರಂತೆ ಭಿಕ್ಷುಕರ ಪರಿಹಾರ ಉಪಕರ 150 ರೂಪಾಯಿ ಸೇರುತ್ತದೆ. ಅನೇಕ ರಸೀದಿಗಳಲ್ಲಿ ಇವೆಲ್ಲ ‘ಉಪಕರ’ ಎಂಬ ಒಂದೇ ಸಾಲಿನಲ್ಲಿ ಅಡಗಿರುವುದರಿಂದ ಆ 300 ರೂಪಾಯಿ ಕಣ್ಣಿಗೆ ಬೀಳುವುದಿಲ್ಲ. ಬಡಾವಣೆಯ ಗ್ರಂಥಾಲಯದ ಬಾಗಿಲಿಗೆ ಬೀಗ ಬಿದ್ದಿದ್ದರೆ ಅಥವಾ ಕಪಾಟಿನಲ್ಲಿ ಹತ್ತು ವರ್ಷಗಳಿಂದ ಹೊಸ ಪುಸ್ತಕ ಬಂದಿರದಿದ್ದರೆ, ‘ಸರ್ಕಾರದ ಬಳಿ ಇದಕ್ಕೆಲ್ಲ ದುಡ್ಡೆಲ್ಲಿದೆ’ ಎಂದುಕೊಂಡು ನಾವು ಮುಂದೆ ಹೋಗುತ್ತೇವೆ. ದುಡ್ಡನ್ನು ನಾವು ಆಗಲೇ ಕಟ್ಟಿರುತ್ತೇವೆ. ಅದು ನಮ್ಮ ಕೈಬಿಟ್ಟ ಮೇಲೆ ಗ್ರಂಥಾಲಯದ ಬಾಗಿಲು ತಲುಪುವ ದಾರಿಯಲ್ಲಿ ಏನಾಗುತ್ತದೆ ಎಂಬುದೇ ಭಾರತದ ಸಾರ್ವಜನಿಕ ಗ್ರಂಥಾಲಯ ವ್ಯವಸ್ಥೆಯ ಮುಖ್ಯ ಪ್ರಶ್ನೆ.

ಈ ವ್ಯವಸ್ಥೆಯ ಬುಡ ಸಂವಿಧಾನದಲ್ಲಿದೆ. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 12ನೆಯ ಬಾಬ್ತಾಗಿ ಗ್ರಂಥಾಲಯಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ಸೇರಿಸಲಾಗಿದೆ. ಎಂದರೆ ಊರೂರಿನ ಗ್ರಂಥಾಲಯ ಯಾವುದಿದ್ದರೂ ಅದು ರಾಜ್ಯ ಸರ್ಕಾರದ ಹೊಣೆ. ಇಡೀ ದೇಶಕ್ಕೆ ಅನ್ವಯಿಸುವ ಒಂದು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ನಮ್ಮಲ್ಲಿ ಇಲ್ಲ. 73ನೆಯ ತಿದ್ದುಪಡಿಯ ಮೂಲಕ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ, ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ನಡುವೆ ಗ್ರಂಥಾಲಯಕ್ಕೆ ತನ್ನದೇ ಒಂದು ಸಂಖ್ಯೆಯಿದೆ, ಅದು 20ನೆಯದು. ಆದರೆ ನಗರಸಭೆ, ಪಾಲಿಕೆಗಳಿಗಾಗಿ ರೂಪಿಸಿದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ಗ್ರಂಥಾಲಯದ ಹೆಸರೇ ಇಲ್ಲ. ಸಾಂಸ್ಕೃತಿಕ ಮತ್ತು ಶೈಕ್ಷಣಿಕ ಅಂಶಗಳನ್ನು ಪ್ರೋತ್ಸಾಹಿಸಬೇಕೆಂಬ ಒಂದು ಸಾಮಾನ್ಯ ಮಾತಿನೊಳಗೆ ಅದನ್ನು ಹುಡುಕಿಕೊಳ್ಳಬೇಕು. ಗ್ರಂಥಾಲಯಕ್ಕೆ ಹೆಚ್ಚು ಹಣ ಹುಟ್ಟುವುದು ನಗರದಲ್ಲಿ, ಸಂವಿಧಾನ ಅದನ್ನು ಹೆಸರಿಟ್ಟು ಕರೆದದ್ದು ಹಳ್ಳಿಯಲ್ಲಿ. ಈ ಅಂತರದ ಪರಿಣಾಮ ಮುಂದೆ ಕಾಣಿಸುತ್ತದೆ.

ಕೇಂದ್ರ ಸರ್ಕಾರದ ಪಾತ್ರ ಸೀಮಿತವಾದದ್ದು. ಕೋಲ್ಕತ್ತದ ಬೆಲ್ವೆಡೇರ್ ಎಸ್ಟೇಟಿನಲ್ಲಿರುವ ರಾಷ್ಟ್ರೀಯ ಗ್ರಂಥಾಲಯವನ್ನು ಅದು ನೇರವಾಗಿ ನಡೆಸುತ್ತದೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ದೇಶದ ಯಾವುದೇ ಪ್ರಕಾಶಕ ತಾನು ಹೊರತಂದ ಪುಸ್ತಕದ ಒಂದು ಪ್ರತಿಯನ್ನು ಅಲ್ಲಿಗೂ, ಜೊತೆಗೆ ಚೆನ್ನೈನ ಕನ್ನೆಮರ, ಮುಂಬೈನ ಕೇಂದ್ರ ಗ್ರಂಥಾಲಯ ಮತ್ತು ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೂ ತನ್ನ ಖರ್ಚಿನಲ್ಲಿ ಕಳಿಸಬೇಕು. ಹಾಗಾಗಿ ಧಾರವಾಡದಲ್ಲಿ ಅಚ್ಚಾದ ಕವನ ಸಂಕಲನವೊಂದು ಪಕ್ಕದ ತಾಲ್ಲೂಕಿನ ಗ್ರಂಥಾಲಯಕ್ಕೆ ಸೇರದಿದ್ದರೂ ಕೋಲ್ಕತ್ತದ ಕಪಾಟಿಗೆ ಸೇರುವುದು ಕಾನೂನಿನ ಅಗತ್ಯ. ಇದರಾಚೆಗೆ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಎಂಬ ಸಂಸ್ಥೆ 1972ರಿಂದ ಕೇಂದ್ರದ ಹಣವನ್ನು ರಾಜ್ಯಗಳಿಗೆ ಹಂಚುತ್ತಿದೆ. ಇಲ್ಲಿಯ ಪ್ರಧಾನ ಯೋಜನೆ ಸಮಪಾಲಿನದು: ರಾಜ್ಯ ತನ್ನ ಪಾಲನ್ನು ಮುಂದಿಟ್ಟರೆ ಕೇಂದ್ರ ತನ್ನ ಪಾಲನ್ನು ಸೇರಿಸುತ್ತದೆ. ಪಾಲು ಹಾಕಲು ಶಕ್ತಿಯೂ ಮನಸ್ಸೂ ಇರುವ ರಾಜ್ಯಕ್ಕೆ ಇದು ನೆರವು. ಅದಿಲ್ಲದ ರಾಜ್ಯ, ಎಂದರೆ ನೆರವು ಹೆಚ್ಚು ಬೇಕಿರುವ ರಾಜ್ಯವೇ, ಹಿಂದೆ ಉಳಿಯುತ್ತದೆ.

ಗ್ರಂಥಾಲಯಕ್ಕೆ ಕಾನೂನು ಬೇಕು, ಕಾನೂನಿನಲ್ಲಿಯೇ ಹಣದ ಮೂಲವನ್ನೂ ಬರೆದಿಡಬೇಕು ಎಂಬ ಆಲೋಚನೆ ನಮ್ಮಲ್ಲಿ ಗಟ್ಟಿಯಾದದ್ದು ಎಸ್.ಆರ್. ರಂಗನಾಥನ್ ಅವರಿಂದ. ಅವರಿಗಿಂತ ಮೊದಲು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಗ್ರಂಥಪಾಲಕ ಬಾರ್ಡನ್ ಅವರನ್ನು ಕರೆಸಿ ಸಂಸ್ಥಾನದ ಹಳ್ಳಿಗಳಿಗೆ ಪುಸ್ತಕದ ಪೆಟ್ಟಿಗೆಗಳು ಸಂಚರಿಸುವ ವ್ಯವಸ್ಥೆ ಮಾಡಿಸಿದ್ದರು. ಅದು ಒಬ್ಬ ಅರಸನ ಇಚ್ಛಾಶಕ್ತಿಯ ಮೇಲೆ ನಿಂತಿತ್ತು. ಗಣಿತದ ಅಧ್ಯಾಪಕರಾಗಿದ್ದು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ರಂಗನಾಥನ್, ಅರಸ ಬದಲಾದರೂ ಮಂತ್ರಿ ಬದಲಾದರೂ ಉಳಿಯುವ ಏರ್ಪಾಡನ್ನು ಬಯಸಿದರು. 1930ರಲ್ಲಿಯೇ ಮಾದರಿ ಕಾಯ್ದೆಯ ಕರಡನ್ನು ದೇಶದ ಮುಂದಿಟ್ಟರು. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆಯಾಯಿತು. ಕಟ್ಟಡ ತೆರಿಗೆಯ ಮೇಲೆ ಉಪಕರ ಹಾಕಿ ಆ ಹಣವನ್ನು ಗ್ರಂಥಾಲಯ ನಿಧಿಗೆ ಮೀಸಲಿಡುವ ಪದ್ಧತಿ ಅಲ್ಲಿಂದ ಶುರುವಾಯಿತು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಕಟ್ಟಿದ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಈ ನಗರದಲ್ಲಿದೆ, 1972ರಲ್ಲಿ ಅವರು ತೀರಿಕೊಂಡದ್ದೂ ಇಲ್ಲಿಯೇ. ಮೈಸೂರು ರಾಜ್ಯ 1965ರಲ್ಲಿ ತಂದುಕೊಂಡ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಲ್ಲಿ ಅವರ ಚಿಂತನೆಯ ಅಚ್ಚು ಸ್ಪಷ್ಟವಾಗಿದೆ.

ಈಗ ಸುಮಾರು ಇಪ್ಪತ್ತು ರಾಜ್ಯಗಳಲ್ಲಿ ಇಂಥ ಕಾಯ್ದೆಗಳಿವೆ. ಹೆಸರು ಒಂದೇ ಆದರೂ ಒಳಗಿನ ಹೂರಣ ಬೇರೆ. ತಮಿಳುನಾಡಿನಲ್ಲಿ ಉಪಕರ ಆಸ್ತಿ ತೆರಿಗೆಯ ಶೇ 10. ಚೆನ್ನೈನ ಅಣ್ಣಾ ಶತಮಾನೋತ್ಸವ ಗ್ರಂಥಾಲಯ, 2023ರಲ್ಲಿ ತೆರೆದ ಮದುರೆಯ ಕಲೈಜ್ಞರ್ ಶತಮಾನೋತ್ಸವ ಗ್ರಂಥಾಲಯದಂಥ ದೊಡ್ಡ ಕಟ್ಟಡಗಳನ್ನು ಆ ರಾಜ್ಯ ಎಬ್ಬಿಸಿದೆ. ಕೇರಳದಲ್ಲಿ ಉಪಕರ ಶೇ 5 ಮಾತ್ರ, ಆದರೆ ಅಲ್ಲಿಯ ಬಲ ತೆರಿಗೆಯದಲ್ಲ, ಜನರದು. 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರು ಅಂಬಲಪ್ಪುಳದಲ್ಲಿ ಹಳ್ಳಿಯ ವಾಚನಾಲಯಗಳನ್ನು ಒಂದು ಸಂಘದಡಿ ಕೂಡಿಸಿದರು. ಊರಿನವರೇ ಕಟ್ಟಿ, ಊರಿನವರೇ ಸಮಿತಿ ಚುನಾಯಿಸಿ ನಡೆಸುವ ಸಾವಿರಾರು ಗ್ರಂಥಾಲಯಗಳಿಗೆ 1989ರ ಕಾಯ್ದೆಯಡಿ ರಚಿತವಾದ ಗ್ರಂಥಾಲಯ ಪರಿಷತ್ತು ದರ್ಜೆ ನೀಡಿ ಅನುದಾನ ಕೊಡುತ್ತದೆ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಉಪಕರವೇ ಇಲ್ಲ. ಅಲ್ಲಿ ಸರ್ಕಾರ ತನ್ನ ಬಜೆಟ್ಟಿನಿಂದ ಖಾಸಗಿ ಸಂಘಗಳ ಗ್ರಂಥಾಲಯಗಳಿಗೆ ಅ, ಬ, ಕ, ಡ ಎಂಬ ದರ್ಜೆಗಳ ಮೇಲೆ ಅನುದಾನ ಹಂಚುತ್ತದೆ. ಗೋವಾ ಮದ್ಯ ಮತ್ತು ಬಿಯರಿನ ಮೇಲೆ ಗ್ರಂಥಾಲಯ ಉಪಕರ ಹಾಕಿತು. ಉತ್ತರದ ಹಲವು ರಾಜ್ಯಗಳ ಕಾಯ್ದೆಗಳಲ್ಲಿ ಗ್ರಂಥಾಲಯ ಇರಬೇಕೆಂದು ಬರೆದಿದೆ, ಹಣ ಎಲ್ಲಿಂದ ಬರಬೇಕೆಂದು ಬರೆದಿಲ್ಲ.

ಕರ್ನಾಟಕದ ಕಾಯ್ದೆ ಈ ದೃಷ್ಟಿಯಿಂದ ಬಲವಾದದ್ದು. ಮೇಲೆ ಶಿಕ್ಷಣ ಸಚಿವರ ಅಧ್ಯಕ್ಷತೆಯ ರಾಜ್ಯ ಗ್ರಂಥಾಲಯ ಪ್ರಾಧಿಕಾರ, ಕೆಳಗೆ ನಗರ ಗ್ರಂಥಾಲಯ ಪ್ರಾಧಿಕಾರಗಳು ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳು, ಇವೆಲ್ಲದರ ಕೆಲಸ ನೋಡಿಕೊಳ್ಳಲು ಸಾರ್ವಜನಿಕ ಗ್ರಂಥಾಲಯ ಇಲಾಖೆ ಎಂಬ ಪ್ರತ್ಯೇಕ ಇಲಾಖೆ. ಕಬ್ಬನ್ ಉದ್ಯಾನದ ನಡುವೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ ಇದರ ಶಿಖರ. ಗ್ರಂಥಪಾಲಕರನ್ನು ಸರ್ಕಾರಿ ಸೇವೆಯಾಗಿ ನೇಮಿಸುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಉಪಕರ. ಕಾಗದದ ಮೇಲೆ ಕೊರತೆ ತೋರುವುದು ಕಷ್ಟ.

ತೊಡಕು ಇರುವುದು ವಸೂಲಿಗೂ ಖರ್ಚಿಗೂ ನಡುವೆ. ಉಪಕರವನ್ನು ವಸೂಲು ಮಾಡುವುದು ಪಾಲಿಕೆ ಅಥವಾ ನಗರಸಭೆ. ಖರ್ಚು ಮಾಡಬೇಕಾದದ್ದು ಗ್ರಂಥಾಲಯ ಪ್ರಾಧಿಕಾರ. ಮೊದಲನೆಯದು ನಗರಾಭಿವೃದ್ಧಿ ಇಲಾಖೆಯ ಅಧೀನ, ಎರಡನೆಯದು ಶಿಕ್ಷಣ ಇಲಾಖೆಯ ಅಧೀನ. ಉಪಕರದ ಹಣ ಪಾಲಿಕೆಯ ಸಾಮಾನ್ಯ ಖಾತೆಗೆ ತೆರಿಗೆಯೊಂದಿಗೆ ಬೆರೆತು ಬರುತ್ತದೆ. ರಸ್ತೆ ಗುತ್ತಿಗೆದಾರರ ಬಿಲ್ಲು, ಕಸ ವಿಲೇವಾರಿ, ಸಿಬ್ಬಂದಿ ವೇತನಗಳ ಒತ್ತಡದಲ್ಲಿ ಆಯುಕ್ತರ ಮೇಜಿನ ಮೇಲಿರುವ ಕಡತಗಳಲ್ಲಿ ಗ್ರಂಥಾಲಯಕ್ಕೆ ವರ್ಗಾಯಿಸಬೇಕಾದ ಕಡತ ತಳ ಸೇರುತ್ತದೆ. ತಡವಾದುದಕ್ಕೆ ಯಾರೂ ಪ್ರತಿಭಟನೆ ಮಾಡುವುದಿಲ್ಲ, ಯಾವ ರಸ್ತೆಯಲ್ಲೂ ಗುಂಡಿ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ವರ್ಗಾವಣೆಯಾಗದೆ ಉಳಿದ ಬಾಕಿ ನೂರಾರು ಕೋಟಿ ರೂಪಾಯಿಗೆ ಬೆಳೆದದ್ದು ಪದೇ ಪದೇ ಸುದ್ದಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಬರೀ ಆಡಳಿತದ ವಿಳಂಬ ಎಂದು ಕರೆಯುವುದು ತಪ್ಪು. ಉಪಕರವೆಂದರೆ ಒಂದು ನಿರ್ದಿಷ್ಟ ಉದ್ದೇಶಕ್ಕಾಗಿ ಪಡೆದ ಹಣ. ಅದನ್ನು ಬೇರೆಡೆ ಬಳಸಿಕೊಂಡು ಕುಳಿತರೆ, ಓದುಗನಿಗೆ ಸೇರಬೇಕಾದ ಸಾಲವನ್ನು ಬಡ್ಡಿಯಿಲ್ಲದೆ ಇಟ್ಟುಕೊಂಡಂತೆ. ಆ ಅವಧಿಯಲ್ಲಿ ಶಾಲೆ ಮುಗಿಸಿ ಹೋದ ಮಕ್ಕಳಿಗೆ ಬಾಕಿ ಒಂದು ದಿನ ಬಂದರೂ ಪ್ರಯೋಜನವಿಲ್ಲ.

ಆಸ್ತಿ ತೆರಿಗೆಯನ್ನೇ ನೆಚ್ಚಿಕೊಂಡಿರುವುದರಲ್ಲಿ ಇನ್ನೊಂದು ಅಸಮಾನತೆಯಿದೆ. ದೊಡ್ಡ ಕಟ್ಟಡಗಳಿರುವ ನಗರಕ್ಕೆ ದೊಡ್ಡ ಉಪಕರ, ಹೆಂಚಿನ ಮನೆಗಳ ಪಟ್ಟಣಕ್ಕೆ ಚಿಕ್ಕ ಉಪಕರ. ಗ್ರಾಮೀಣ ಭಾಗಕ್ಕೆಂದು ಕಾಯ್ದೆ ಬೇರೊಂದು ಮೂಲ ಹುಡುಕಿತ್ತು: ಜಿಲ್ಲೆಯಲ್ಲಿ ವಸೂಲಾದ ಭೂಕಂದಾಯದ ಶೇ 3ಕ್ಕೆ ಸಮನಾದ ಮೊತ್ತವನ್ನು ಸರ್ಕಾರ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬೇಕು. 1965ರಲ್ಲಿ ಭೂಕಂದಾಯ ಎಂಬುದು ತೂಕವಿದ್ದ ಮಾತು. ಇಂದು ರೈತನೊಬ್ಬ ವರ್ಷಕ್ಕೆ ಕಟ್ಟುವ ಕಂದಾಯ ಒಂದು ಪುಸ್ತಕದ ಬೆಲೆಗೂ ಸಾಲದಷ್ಟು ಸಣ್ಣದು. ಅದರ ನೂರರಲ್ಲಿ ಮೂರು ಪಾಲಿನಿಂದ ಯಾವ ಗ್ರಂಥಾಲಯವೂ ನಡೆಯಲಾರದು. ಹೀಗಾಗಿ ಹಳ್ಳಿಯ ಗ್ರಂಥಾಲಯ ದಶಕಗಳ ಕಾಲ ಸರ್ಕಾರದ ಅನುದಾನವನ್ನೇ ನಂಬಿಕೊಂಡು, ದಿನಕ್ಕೆ ಕೆಲವೇ ಗಂಟೆ ಬಾಗಿಲು ತೆರೆದು, ಅತ್ಯಲ್ಪ ಗೌರವಧನದ ಒಬ್ಬ ಮೇಲ್ವಿಚಾರಕರ ಹೆಗಲ ಮೇಲೆ ಬದುಕಿತು.

2019ರಲ್ಲಿ ರಾಜ್ಯ ಸರ್ಕಾರ ಐದು ಸಾವಿರಕ್ಕೂ ಹೆಚ್ಚಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿತು. ಗ್ರಂಥಾಲಯ ವೃತ್ತಿಯವರಲ್ಲಿ ಕೆಲವರಿಗೆ ಈ ನಿರ್ಧಾರದ ಬಗ್ಗೆ ಅಳುಕಿತ್ತು. ಚರಂಡಿ, ಬೀದಿದೀಪ ನೋಡಿಕೊಳ್ಳುವವರ ಕೈಗೆ ಪುಸ್ತಕ ಕೊಟ್ಟಂತಾಯಿತೇ ಎಂಬ ಅಳುಕು. ಅದಕ್ಕೆ ಆಧಾರವೂ ಇತ್ತು. ಆದರೆ ಹಣದ ದಾರಿಯ ದೃಷ್ಟಿಯಿಂದ ನೋಡಿದರೆ ಇದು ಸರಿಯಾದ ಹೆಜ್ಜೆ ಎಂದೇ ನನಗೆ ಅನಿಸುತ್ತದೆ. ವಸೂಲು ಮಾಡುವ ಪಂಚಾಯಿತಿ, ಖರ್ಚು ಮಾಡುವ ಪಂಚಾಯಿತಿ ಒಂದೇ ಆಯಿತು. ಮನೆಗಂದಾಯದ ಜೊತೆ ಪಡೆದ ಗ್ರಂಥಾಲಯ ಕರ ಯಾವುದಕ್ಕೆ ಹೋಯಿತೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಅವಕಾಶ ಊರಿನವರಿಗೆ ಸಿಕ್ಕಿತು. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಶಾಲೆಗಳು ಮುಚ್ಚಿದ್ದ ಕೋವಿಡ್ ಕಾಲದಲ್ಲಿ ಅನೇಕ ಹಳ್ಳಿಗಳ ಮಕ್ಕಳಿಗೆ ಪಠ್ಯದಾಚೆಗಿನ ಪುಸ್ತಕ ಸಿಕ್ಕಿದ್ದು ಅದರಿಂದಲೇ. ಈಗ ಇವುಗಳನ್ನು ‘ಅರಿವು ಕೇಂದ್ರ’ ಎಂದು ಕರೆಯಲಾಗುತ್ತಿದೆ.

ಇಂಥ ಒಂದು ಅರಿವು ಕೇಂದ್ರದಲ್ಲಿ ಈಚೆಗೆ ಒಂದು ಮಧ್ಯಾಹ್ನ ಕಳೆದೆ. ಹಳೆಯ ಪಂಚಾಯಿತಿ ಕಟ್ಟಡದ ಒಂದು ಕೋಣೆ. ಗೋಡೆಗೆ ಹೊಸದಾಗಿ ಬಳಿದ ಚಿತ್ರಗಳು, ಎರಡು ಕಂಪ್ಯೂಟರು, ನೆಲದ ಮೇಲೆ ಹಾಸಿದ ಜಮಖಾನೆ. ಬಾಗಿಲ ಬಳಿಯ ಮೇಜಿನ ಮೇಲೆ ಎರಡು ವಹಿಗಳಿದ್ದವು. ಒಂದರಲ್ಲಿ ಬಂದವರ ಸಹಿ, ಇನ್ನೊಂದರಲ್ಲಿ ಮನೆಗೆ ಒಯ್ದ ಪುಸ್ತಕಗಳ ಲೆಕ್ಕ. ಎರಡನೆಯದನ್ನು ತಿರುವಿ ನೋಡಿದರೆ ಆ ಊರಿನ ಓದು ಕಾಣುತ್ತಿತ್ತು. ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದೇ ತಿಂಗಳಲ್ಲಿ ಹನ್ನೊಂದು ಪುಸ್ತಕ ಒಯ್ದಿದ್ದಳು, ಅವುಗಳಲ್ಲಿ ಒಂದು ಕಥೆ ಪುಸ್ತಕ ಮೂರು ಸಲ. ಮೇಲ್ವಿಚಾರಕಿಯನ್ನು ಕೇಳಿದಾಗ, ‘ಆ ಪುಸ್ತಕ ಅವಳ ತಮ್ಮನಿಗೆ ಓದಿ ಹೇಳೋಕೆ ಸರ್, ಅವನಿಗಿನ್ನೂ ಅಕ್ಷರ ಕೂಡಿಸೋಕೆ ಬರಲ್ಲ’ ಎಂದರು. ಮಕ್ಕಳ ಕಪಾಟಿನಲ್ಲಿದ್ದದ್ದು ಇನ್ನೂರರ ಆಸುಪಾಸು ಪುಸ್ತಕ. ಆ ಹುಡುಗಿ ಇದೇ ವೇಗದಲ್ಲಿ ಓದಿದರೆ ಎರಡು ವರ್ಷದೊಳಗೆ ಅವಳಿಗೆ ಓದಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆ ಮೇಲ್ವಿಚಾರಕಿಗೆ ಪ್ರತಿಯೊಬ್ಬ ಮಗುವಿನ ಹೆಸರು, ಅದು ಯಾವ ಪುಸ್ತಕ ಇಷ್ಟಪಡುತ್ತದೆ ಎಂಬುದು ಬಾಯಲ್ಲೇ ಇತ್ತು. ರಾಜ್ಯದ ಗ್ರಂಥಾಲಯ ವ್ಯವಸ್ಥೆ ಎಂದು ನಾವು ಕರೆಯುವುದು ಕೊನೆಗೆ ಬಂದು ನಿಲ್ಲುವುದು ಇವರಂಥವರ ಬಳಿ, ಮತ್ತು ಇವರ ಕೆಲಸ ಗೌರವಧನದ ಲೆಕ್ಕದಲ್ಲಿಯೇ ಬಹುಕಾಲ ಉಳಿಯಿತು. ಕನಿಷ್ಠ ವೇತನಕ್ಕಾಗಿ, ಸೇವಾ ಭದ್ರತೆಗಾಗಿ ಮೇಲ್ವಿಚಾರಕರು ವರ್ಷಗಟ್ಟಲೆ ಬೇಡಿಕೆ ಇಡಬೇಕಾಯಿತು. ಕಟ್ಟಡಕ್ಕೆ ಬಣ್ಣ ಬಳಿಯಲು ಒಮ್ಮೆ ಹಣ ಸಿಕ್ಕರೆ ಸಾಕು, ಮನುಷ್ಯರಿಗೆ ಅದು ಪ್ರತಿ ತಿಂಗಳು ಸಿಗಬೇಕು. ನಮ್ಮ ಯೋಜನೆಗಳು ಮೊದಲನೆಯದನ್ನು ಸುಲಭವಾಗಿ ಮಾಡುತ್ತವೆ.

ಪುಸ್ತಕ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು, ಏಕೆಂದರೆ ಇಲ್ಲಿ ಗ್ರಂಥಾಲಯದ ಹಣಕ್ಕೂ ಕನ್ನಡ ಪುಸ್ತಕಲೋಕದ ಆರೋಗ್ಯಕ್ಕೂ ನೇರ ನಂಟಿದೆ. ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಪುಟಕ್ಕೆ ಇಂತಿಷ್ಟು ಎಂಬ ದರದಲ್ಲಿ ಖರೀದಿಸಿ ರಾಜ್ಯದ ಗ್ರಂಥಾಲಯಗಳಿಗೆ ಹಂಚುವ ಪದ್ಧತಿಯಿದೆ. ಬಹುಪಾಲು ಕನ್ನಡ ಪುಸ್ತಕಗಳು ಐನೂರೋ ಸಾವಿರವೋ ಪ್ರತಿಗಳಲ್ಲಿ ಅಚ್ಚಾಗುವಾಗ, ಮುನ್ನೂರು ಪ್ರತಿಗಳ ಒಂದು ಖರೀದಿ ಎಂದರೆ ಸಣ್ಣ ಪ್ರಕಾಶಕನಿಗೆ ಆ ಪುಸ್ತಕ ಹೊರಬರುವುದೋ ಬಾರದೋ ಎಂಬುದನ್ನು ನಿರ್ಧರಿಸುವ ಮಾತು. ಪಾಲಿಕೆಯಿಂದ ಉಪಕರ ಬರದಿದ್ದಾಗ ಈ ಖರೀದಿ ನಿಲ್ಲುತ್ತದೆ, ಅಥವಾ ಖರೀದಿಯಾದ ಪುಸ್ತಕದ ಹಣ ವರ್ಷಗಳ ಕಾಲ ಬಾಕಿಯಾಗುತ್ತದೆ. ಕಾಗದದ ಬೆಲೆ ಏರಿದರೂ ಪುಟದ ದರ ಏರದಿದ್ದರೆ, ದರಕ್ಕೆ ಹೊಂದುವಂತೆ ಪುಸ್ತಕವನ್ನು ತಯಾರಿಸುವವರು ಮುಂದೆ ಬರುತ್ತಾರೆ: ಅಗ್ಗದ ಕಾಗದ, ಅವಸರದ ಕರಡು ತಿದ್ದುಪಡಿ, ದೊಡ್ಡ ಅಕ್ಷರದಲ್ಲಿ ಹಿಗ್ಗಿಸಿದ ಪುಟಗಳು. ಒಳ್ಳೆಯ ಕಾಗದದಲ್ಲಿ ಬಣ್ಣದ ಚಿತ್ರಗಳೊಂದಿಗೆ ಮಕ್ಕಳ ಪುಸ್ತಕ ಮಾಡುವ ಪ್ರಕಾಶಕ ಪುಟದ ಲೆಕ್ಕದಲ್ಲಿ ಸೋಲುತ್ತಾನೆ. ಇಪ್ಪತ್ತನಾಲ್ಕು ಪುಟದ ಚಿತ್ರಪುಸ್ತಕಕ್ಕೆ ಪುಟದ ದರ ಅನ್ಯಾಯವೇ ಸರಿ. ಜೊತೆಗೆ, ರಾಜಧಾನಿಯ ಸಮಿತಿಯೊಂದು ಆರಿಸಿದ ಒಂದೇ ಪಟ್ಟಿ ಬೀದರ್‌ಗೂ ಕಾರವಾರಕ್ಕೂ ಹೋಗುವುದರಿಂದ, ಆ ಊರಿನ ಓದುಗ ಏನು ಕೇಳಿದ ಎಂಬುದು ಪಟ್ಟಿಯಲ್ಲಿ ಸೇರುವುದಿಲ್ಲ. ಮೇಲೆ ಹೇಳಿದ ಮೇಲ್ವಿಚಾರಕಿಗೆ ವರ್ಷಕ್ಕೆ ಇಪ್ಪತ್ತು ಸಾವಿರ ರೂಪಾಯಿಯ ಪುಸ್ತಕವನ್ನು ತಾವೇ ಆರಿಸುವ ಅಧಿಕಾರವಿದ್ದಿದ್ದರೆ ಆ ಮಕ್ಕಳ ಕಪಾಟು ಬೇರೆಯೇ ಆಗಿರುತ್ತಿತ್ತು.

ಓದುಗರೂ ಬದಲಾಗಿದ್ದಾರೆ. ಜಿಲ್ಲಾ ಕೇಂದ್ರದ ಯಾವ ಗ್ರಂಥಾಲಯಕ್ಕೆ ಹೋದರೂ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ನಿಂತಿರುವವರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಯುವಕ ಯುವತಿಯರು. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳ ಪುಸ್ತಕಗಳನ್ನು ಅವರೇ ತಂದಿರುತ್ತಾರೆ. ಅವರಿಗೆ ಬೇಕಾದದ್ದು ಒಂದು ಕುರ್ಚಿ, ಫ್ಯಾನು, ಕುಡಿಯುವ ನೀರು, ಶೌಚಾಲಯ ಮತ್ತು ಮನೆಯಲ್ಲಿ ಸಿಗದ ನಿಶ್ಶಬ್ದ. ಕೆಲವರು ಇದನ್ನು ಗ್ರಂಥಾಲಯದ ಅವನತಿ ಎಂದು ನೋಡುತ್ತಾರೆ. ನಾನು ಒಪ್ಪುವುದಿಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ಐದು ಜನ ಬದುಕುವ ಮನೆಯ ಹುಡುಗಿಗೆ ದಿನಕ್ಕೆ ಎಂಟು ಗಂಟೆ ಸುರಕ್ಷಿತವಾಗಿ ಕೂರಲು ಊರಿನಲ್ಲಿ ಹಣ ಕೇಳದ ಬೇರೆ ಜಾಗ ಇಲ್ಲ. ಅವಳಿಗೆ ಸ್ಥಳ ಕೊಡುವುದು ಗ್ರಂಥಾಲಯದ ಕೆಲಸವೇ. ಆದರೆ ಇದೇ ಜಾಗದಲ್ಲಿ ಕಾದಂಬರಿ ಓದುವ ಹಿರಿಯರೂ ಕಥೆ ಕೇಳುವ ಮಕ್ಕಳೂ ಇರಬೇಕಾದರೆ ಕೋಣೆಗಳೂ ಸಿಬ್ಬಂದಿಯೂ ಹೆಚ್ಚಬೇಕು. 2020ರಲ್ಲಿ ಇಲಾಖೆ ಆರಂಭಿಸಿದ ಡಿಜಿಟಲ್ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಂದಾಯಿಸಿಕೊಂಡು ಮೊಬೈಲಿನಲ್ಲಿ ಓದಬಹುದು. ಅದು ಒಳ್ಳೆಯದೇ, ಆದರೆ ಅದರಿಂದ ಕುರ್ಚಿಯ ಕೊರತೆ ನೀಗುವುದಿಲ್ಲ.

ಈ ಚರ್ಚೆಗೆ ಈಗ ಹೊಸ ತುರ್ತು ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಗಿ, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕುಳಿತಿದೆ. ಹಳೆಯ ಪಾಲಿಕೆ ಉಳಿಸಿಕೊಂಡ ಗ್ರಂಥಾಲಯ ಉಪಕರ ಯಾರ ಲೆಕ್ಕಕ್ಕೆ ಸೇರುತ್ತದೆ, ಕಚೇರಿ ಸಂಕೀರ್ಣಗಳಿಂದ ತುಂಬಿದ ಪಾಲಿಕೆಯ ಉಪಕರ ತೆರಿಗೆ ಕಡಿಮೆ ಹುಟ್ಟುವ ಪಕ್ಕದ ಪಾಲಿಕೆಯ ಓದುಗನಿಗೂ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಆದೇಶದ ರೂಪದಲ್ಲಿ ಉತ್ತರ ಬೇಕು. ಹೊಸ ಕಾಯ್ದೆಯೇನೂ ಅಗತ್ಯವಿಲ್ಲ. ತೆರಿಗೆ ಈಗ ಬಹುಮಟ್ಟಿಗೆ ಆನ್‌ಲೈನ್‌ನಲ್ಲಿ ಜಮೆಯಾಗುವುದರಿಂದ, ಹಣ ಬಿದ್ದ ಕ್ಷಣದಲ್ಲೇ ಅದರ ಗ್ರಂಥಾಲಯ ಪಾಲು ನೇರವಾಗಿ ಗ್ರಂಥಾಲಯ ನಿಧಿಯ ಖಾತೆಗೆ ಹೋಗುವಂತೆ ಮಾಡುವುದು ತಾಂತ್ರಿಕವಾಗಿ ಕಷ್ಟದ ಕೆಲಸವಲ್ಲ. ಹಾಗೆ ಮಾಡಿದರೆ ಆಯುಕ್ತರ ಮೇಜಿನ ಮೇಲೆ ಕಾಯುವ ಕಡತವೇ ಇರುವುದಿಲ್ಲ. ರಸೀದಿಯಲ್ಲಿ ಗ್ರಂಥಾಲಯ ಉಪಕರವನ್ನು ಪ್ರತ್ಯೇಕ ಸಾಲಾಗಿ ಮುದ್ರಿಸಬೇಕು. ಆಯಾ ಬಡಾವಣೆಯ ಗ್ರಂಥಾಲಯದ ಬಾಗಿಲಲ್ಲಿ, ಈ ವರ್ಷ ಈ ವಾರ್ಡಿನಿಂದ ಬಂದ ಉಪಕರ ಇಷ್ಟು, ಅದರಲ್ಲಿ ಪುಸ್ತಕಕ್ಕೆ ಇಷ್ಟು, ಸಿಬ್ಬಂದಿಗೆ ಇಷ್ಟು ಎಂಬ ಫಲಕ ಇರಬೇಕು. ಪಡಿತರ ಅಂಗಡಿಯ ಮುಂದೆ ದಾಸ್ತಾನಿನ ಫಲಕ ಇರುತ್ತದಲ್ಲ, ಹಾಗೆ. ಮುಂದಿನ ಏಪ್ರಿಲ್‌ನಲ್ಲಿ ರಿಯಾಯಿತಿಗೆಂದು ತೆರಿಗೆ ಕಟ್ಟುವವರು ಆ 300 ರೂಪಾಯಿಯನ್ನು ರಸೀದಿಯಲ್ಲಿ ಓದಿ, ಅದೇ ಸಂಜೆ ಗ್ರಂಥಾಲಯದವರೆಗೆ ನಡೆದು ಹೋಗಿ ಆ ಫಲಕವನ್ನು ನೋಡುವಂತಾಗಬೇಕು.